ಗಾಳ ಹಾಕೋಕೆ ಹೊರಡೋ ಮುಂಚೆ ಗೈಡ್ ಎಂಥವನು ಅಂತ ನೋಡ್ಕೊಳಿ

ಮೂರು ವರ್ಷದ ಹಿಂದಿನ ಮಾತು. ನಾವು ನಾಲ್ಕು ಜನ ಶನಿವಾರ ಬೆಳಗಿನ ಜಾವ ಮೂರೂವರೆಗೆ ಬೆಂಗಳೂರು ಬಿಟ್ಟು, ಕನಕಪುರದಲ್ಲಿ ಟೀ ಕುಡಿದು, ಬೆಳಕು ಹರಿಯೋ ಹೊತ್ತಿಗೆ ಕಾವೇರಿ ದಡದಲ್ಲಿ ನಿಂತಿದ್ವಿ. ಗೈಡು "ಪರ್ಮಿಷನ್ ಎಲ್ಲ ಆಗಿದೆ ಸರ್, ಟೆನ್ಷನ್ನೇ ತಗೋಬೇಡಿ" ಅಂದಿದ್ದ. ಏಳು ಗಂಟೆಗೆ ಇಬ್ರು ಫಾರೆಸ್ಟ್ ಗಾರ್ಡ್ ಬಂದು ಯಾರ್ರೀ ನೀವು ಅಂದ್ರು, ನಾವು ಗೈಡ್ ಕಡೆ ತಿರುಗಿದ್ರೆ ಮನುಷ್ಯನೇ ಇಲ್ಲ, ಲಂಟಾನ ಪೊದೆ ಆಚೆ ಬೈಕ್ ಸ್ಟಾರ್ಟ್ ಆದ ಸದ್ದು ಮಾತ್ರ ಕೇಳಿಸ್ತು. ರಾಡು ರೀಲು ಎಲ್ಲ ಅಲ್ಲೇ ಬಿಟ್ಟು, ಮಧ್ಯಾಹ್ನದ ತನಕ ಆಫೀಸ್ ಮುಂದೆ ಕೂತು, ಕೈ ಮುಗಿದು ಬಂದ್ವಿ. ಮೀನಿರ್ಲಿ, ಗಾಳ ನೀರಿಗೆ ಬಿದ್ದಿದ್ದೇ ಎರಡು ಸಲ.

ಆಮೇಲಿಂದ ಏಳೆಂಟು ಗೈಡ್‌ಗಳ ಜೊತೆ ಹೋಗಿದೀನಿ, ಕೆರೆಗೂ ಹೊಳೆಗೂ, ಒಂದು ಸಲ ಹಿಮಾಚಲಕ್ಕೂ. ಅವರಲ್ಲಿ ಇವತ್ತಿಗೂ ನಾನು ಫೋನ್ ಮಾಡೋದು ಇಬ್ಬರಿಗೆ. ಇಬ್ಬರೂ ಮೊದಲ್ನೇ ಸಲ ಮಾತಾಡ್ದಾಗ ನಂಗೆ "ಇಲ್ಲ" ಅಂದವರೇ. ಹೊಸಬ್ರು ಯಾರಾದ್ರೂ "ಗುರು ಯಾವ್ ಗೈಡ್ ಚೆನ್ನಾಗವ್ನೆ" ಅಂತ ಕೇಳಿದ್ರೆ ನಾನು ನಂಬರ್ ಕೊಡಲ್ಲ, ಹೆಂಗೆ ಹುಡುಕ್ಬೇಕು ಅಂತ ಹೇಳ್ತೀನಿ, ಅದನ್ನೇ ಇಲ್ಲಿ ಬರೀತಿದೀನಿ.

ಮೊದಲು ನಿಮಗೇನು ಬೇಕು ಅಂತ ನೀವು ಫಿಕ್ಸ್ ಆಗಿ

ಸುಮ್ನೆ "ಫಿಶಿಂಗ್ ಹೋಗ್ಬೇಕು" ಅಂದ್ರೆ ಸಾಲದು. ಕೆರೆ ಏರಿ ಮೇಲೆ ಕೂತು ಬೆಂಡು ಕಟ್ಟಿ ರೋಹು, ಕಟ್ಲಾ, ಜಿಲೇಬಿ (ತಿಲಾಪಿಯಾ) ಹಿಡಿಯೋದು ಒಂಥರ. ಜೊಂಡಿನ ಮಧ್ಯ ರಬ್ಬರ್ ಕಪ್ಪೆ ಎಸೆದು ಕೊರವ ಹಿಡಿಯೋದು ಇನ್ನೊಂಥರ. ಹೊಳೆ ಸೆಳವಲ್ಲಿ ಬಿಳಿಮೀನು, ಅಂದ್ರೆ ಮಹಶೀರ್, ಅದರ ಲೆಕ್ಕವೇ ಬೇರೆ. ಟ್ರೌಟ್ ಬೇಕು ಅಂದ್ರೆ ತಣ್ಣೀರು ಬೇಕು, ಹಿಮಾಚಲದ ತೀರ್ಥನ್ ಕಣಿವೆನೋ ಕಾಶ್ಮೀರದ ಲಿಡ್ಡರ್ ನದಿನೋ ಆಗ್ಬೇಕು. ಒಂದರಲ್ಲಿ ಪಳಗಿದವನು ಇನ್ನೊಂದರಲ್ಲಿ ನಿಮ್ಮಷ್ಟೇ ಹೊಸಬ ಇರ್ಬೋದು, ಅದು ತಪ್ಪೇನಲ್ಲ. ಆದ್ರೆ ಯಾವನಾದ್ರೂ "ಯಾವ್ ಮೀನ್ ಬೇಕು ಹೇಳಿ ಸರ್, ಎಲ್ಲಾ ಹಿಡಿಸ್ತೀನಿ" ಅಂದ್ರೆ ಫೋನ್ ಇಡ್ಬೋದು.

ಇನ್ನೊಂದು, ಮನೆಗೆ ತಂದು ಸಾರು ಮಾಡೋಕೆ ಮೀನು ಬೇಕಾ ಅಥವಾ ಹಿಡಿದು ವಾಪಸ್ ಬಿಡೋ ಖುಷಿ ಸಾಕಾ? ಇದನ್ನ ಗೈಡಿಗೆ ಮೊದಲೇ ಹೇಳ್ಬೇಕು. ಇಲ್ದಿದ್ರೆ ದಡದಲ್ಲಿ ಜಗಳ ಗ್ಯಾರಂಟಿ. ಹೆಂಡತಿ ಮಕ್ಕಳು ಜೊತೆಗಿದ್ರೆ ಅದನ್ನೂ ಹೇಳಿ, ಯಾಕಂದ್ರೆ ಆರು ವರ್ಷದ ಮಗುನ ಕರ್ಕೊಂಡು ಬಂಡೆ ಮೇಲೆ ಹಾರ್ಕೊಂಡು ಹೋಗೋಕಾಗಲ್ಲ.

ಆ ನೀರು ಯಾರದ್ದು?

ಎಲ್ಲಕ್ಕಿಂತ ಜಾಸ್ತಿ ಹೊತ್ತು ಕೊಡ್ಬೇಕಾದ್ದು ಇದಕ್ಕೆ. ನಾವು ಇದನ್ನ ಕೇಳ್ದೇ ಹೋಗಿದ್ದಕ್ಕೇ ಮೇಲಿನ ಕಥೆ ಆಗಿದ್ದು.

ನಮ್ಮ ಕಡೆ ಕೆರೆ ಊರಿನದ್ದು ಅಂತ ಅನ್ಸಿದ್ರೂ ಅದರೊಳಗಿನ ಮೀನು ಬಹಳ ಸಲ ಗುತ್ತಿಗೆ ಹೋಗಿರುತ್ತೆ, ಮೀನುಗಾರರ ಸಹಕಾರ ಸಂಘಕ್ಕೋ ಟೆಂಡರ್ ಹಿಡಿದವರಿಗೋ. ಅವರು ದುಡ್ಡು ಹಾಕಿ ಮರಿ ಬಿಟ್ಟಿರ್ತಾರೆ. ನೀವು ಹೋಗಿ ಕಟ್ಲಾ ಎತ್ತಿದ್ರೆ ಅದು ಅವರ ಮೀನೇ, ಅವರು ಬಂದು ಬೈದ್ರೆ ಬೈಸ್ಕೊಳ್ಳೋದೇ. ಅದಕ್ಕೆ ಗೈಡನ್ನ ನೇರವಾಗಿ ಕೇಳಿ: "ಗುತ್ತಿಗೆ ಯಾರದ್ದು, ಅವರು ಒಪ್ಪಿದಾರಾ, ಅವರಿಗೆ ಎಷ್ಟು ಕೊಡ್ಬೇಕು?" ಒಳ್ಳೆ ಗೈಡ್ ಆದ್ರೆ ಗುತ್ತಿಗೆದಾರರ ಹೆಸರು ತಕ್ಷಣ ಹೇಳ್ತಾನೆ, ಬಹಳ ಸಲ ಅವರ ಕೈಗೇ ಫೋನ್ ಕೊಡ್ತಾನೆ. "ಅದೆಲ್ಲ ನಾವು ನೋಡ್ಕೋತೀವಿ" ಅಂದ್ರೆ ನೋಡ್ಕೊಂಡಿಲ್ಲ ಅಂತ್ಲೇ ಅರ್ಥ.

ಹೊಳೆ ವಿಷಯ ಇನ್ನೂ ಸೂಕ್ಷ್ಮ. ಭೀಮೇಶ್ವರಿ, ದೊಡ್ಡಮಾಕಳಿ, ಗಾಳಿಬೋರೆ ಅಂದ್ರೆ ಒಂದು ಕಾಲದಲ್ಲಿ ಇಡೀ ಪ್ರಪಂಚದಿಂದ ಗಾಳದವರು ಬರ್ತಿದ್ದ ಜಾಗ. ಹಿಡಿದ ಮೀನನ್ನ ಹೊಳೆಗೇ ಬಿಡ್ಬೇಕು ಅನ್ನೋ ರೂಲ್ಸಲ್ಲಿ ಕ್ಯಾಂಪ್ ನಡೀತಿತ್ತು, ಹಿಂದೆ ಮದ್ದು ಸಿಡ್ಸಿ ಬಲೆ ಹಾಕಿ ಮೀನು ಹೊಡೀತಿದ್ದ ಸುತ್ತಲ ಊರಿನ ಕೆಲವರೇ ಅಲ್ಲಿ ಕಾವಲಿಗೂ ಗೈಡ್ ಕೆಲಸಕ್ಕೂ ಸೇರ್ಕೊಂಡಿದ್ರು. ಆದ್ರೆ ಅದು ಕಾವೇರಿ ವನ್ಯಜೀವಿ ಅಭಯಾರಣ್ಯ, 1987ರಲ್ಲಿ ಘೋಷಣೆ ಆಗಿದ್ದು. 1972ರ ವನ್ಯಜೀವಿ ಕಾಯ್ದೆ ಮುಂದಿಟ್ಟು ಅಲ್ಲಿ ಗಾಳ ಹಾಕೋದು ನಿಲ್ಸಿ ಹತ್ತು ವರ್ಷದ ಮೇಲಾಯ್ತು. ಅದು ಸರಿನಾ ತಪ್ಪಾ ಅಂತ ಗಾಳದವರು ಇಬ್ರು ಸೇರಿದ್ರೆ ರಾತ್ರಿಯಿಡೀ ವಾದ ಮಾಡ್ತಾರೆ. ಗಾಳದವರು ಇದ್ದಾಗ ಮದ್ದು ಹಾಕೋರು ಹೆದರ್ತಿದ್ರು ಅನ್ನೋದು ನನ್ನ ಪಕ್ಷ, ಆದ್ರೆ ವಾದ ಬೇರೆ ಕಾನೂನು ಬೇರೆ. ಇವತ್ತು ಯಾರಾದ್ರೂ "ಅಭಯಾರಣ್ಯದ ಒಳಗೆ ನಂಗೆ ಒಬ್ರು ಗೊತ್ತು, ಬೆಳಗಿನ ಜಾವ ಹೋಗಿ ಬಂದ್ಬಿಡಣ" ಅಂದ್ರೆ ನಮ್ಮ ಕಥೆ ನೆನಪಿಸ್ಕೊಳಿ. ಓಡಿಹೋಗೋಕೆ ಅವನ ಹತ್ರ ಬೈಕ್ ಇರುತ್ತೆ.

ದೇವಸ್ಥಾನದ ಮೀನಿನ ಹತ್ರ ಹೋಗೋ ಮಾತೇ ಬೇಡ. ಶೃಂಗೇರಿ ತುಂಗೆ, ರಾಮನಾಥಪುರದ ಕಾವೇರಿ, ಶಿಶಿಲ, ತೀರ್ಥಹಳ್ಳಿ ಹತ್ರದ ಚಿಪ್ಪಲಗುಡ್ಡೆ, ಇಲ್ಲೆಲ್ಲ ಜನ ಪುರಿ ಹಾಕಿ ಸಾಕಿರೋ ಮೀನು ಅವು. "ದೇವಸ್ಥಾನದಿಂದ ಸ್ವಲ್ಪ ಕೆಳಗೆ ಹಾಕಿದ್ರೆ ಏನಾಗಲ್ಲ ಸರ್" ಅಂತ ಒಬ್ಬ ಅಂದಿದ್ದ. ಅಂಥವನ ಜೊತೆ ಟೀ ಕೂಡ ಕುಡೀಬಾರ್ದು. ಮೀನಿಗೆ ಗಡಿ ಗೊತ್ತಿರುತ್ತಾ ಸ್ವಾಮಿ?

ಪರ್ಮಿಟ್ ಇದೆ ಅಂದ್ರೆ ಫೋಟೋ ಕಳ್ಸಕ್ಕೆ ಹೇಳಿ, ಕಳ್ಸಿದ್ಮೇಲೆ ಓದಿ. ಯಾರ ಹೆಸರಲ್ಲಿದೆ, ಯಾವ ತಾರೀಖಿನವರೆಗೆ, ಹೊಳೆಯ ಯಾವ ಭಾಗಕ್ಕೆ, ಒಬ್ಬರಿಗಾ ನಾಲ್ಕು ಜನಕ್ಕಾ. ಹೋದ ವರ್ಷದ ಪರ್ಮಿಟ್ಟನ್ನ ಹೆಬ್ಬೆರಳಲ್ಲಿ ತಾರೀಖು ಮುಚ್ಚಿ ಫೋಟೋ ತೆಗೆದು ಕಳ್ಸಿದವನನ್ನ ನಾನೇ ನೋಡಿದೀನಿ. ಅನುಮಾನ ಬಂದ್ರೆ ತಾಲೂಕಿನ ಮೀನುಗಾರಿಕೆ ಇಲಾಖೆ ಆಫೀಸಿಗೆ ಒಂದು ಫೋನ್ ಮಾಡಿ. ಮಳೆಗಾಲದಲ್ಲಿ ಮೀನು ಮೊಟ್ಟೆ ಇಡೋ ಟೈಮಿಗೆ ನಿಷೇಧ ಇರುತ್ತಾ, ಯಾವತ್ತಿಂದ ಯಾವತ್ತಿನವರೆಗೆ ಅಂತ ಅಲ್ಲೇ ಕೇಳಿ. ಹಿಮಾಚಲದಲ್ಲಿ ಇದು ಸಲೀಸು, ಇಲಾಖೆಯವರೇ ದಿನದ ಲೆಕ್ಕದಲ್ಲಿ ಲೈಸೆನ್ಸ್ ಕೊಡ್ತಾರೆ, ನವೆಂಬರ್‌ನಿಂದ ಫೆಬ್ರವರಿ ಕೊನೆ ತನಕ ಟ್ರೌಟ್ ಬಂದ್. ಆ ನಾಲ್ಕು ತಿಂಗಳಲ್ಲಿ ಟ್ರೌಟ್ ಪ್ಯಾಕೇಜ್ ಮಾರೋನು ಏನು ಮಾರ್ತಿದಾನೆ ಅಂತ ನೀವೇ ಯೋಚ್ನೆ ಮಾಡಿ.

ಹುಡುಕೋದು ಎಲ್ಲಿ

ಇನ್‌ಸ್ಟಾಗ್ರಾಮಲ್ಲಿ ಹುಡುಕಿದ್ರೆ ನೂರು ಜನ ಸಿಗ್ತಾರೆ. ನಂಗೆ ಒಳ್ಳೆಯವರು ಸಿಕ್ಕಿದ್ದು ಎರಡು ಕಡೆ: ಗಾಳದ ಸಾಮಾನು ಮಾರೋ ಅಂಗಡಿಲಿ, ಆಮೇಲೆ ಕೆರೆ ಪಕ್ಕದ ಟೀ ಅಂಗಡಿಲಿ. ಸಾಮಾನಿನ ಅಂಗಡಿಯವನಿಗೆ ಯಾರು ತಿಂಗಳು ತಿಂಗಳು ಬಂದು ಲೈನ್, ಅಂದ್ರೆ ಗಾಳದ ದಾರ, ಬದಲಾಯಿಸ್ಕೊಂಡು ಹೋಗ್ತಾರೆ ಅಂತ ಗೊತ್ತಿರುತ್ತೆ, ಲೈನ್ ಸವೆಸೋನೇ ನಿಜವಾಗ್ಲೂ ನೀರಿಗೆ ಹೋಗೋನು. ಟೀ ಅಂಗಡಿಯವರಿಗೆ ಯಾರು ಖಾಲಿ ಚೀಲ ತಂದ್ರು ಅನ್ನೋದೂ ಗೊತ್ತು.

ಫೋನಲ್ಲಿ ಏನು ಕೇಳ್ಬೇಕು

ಎಲ್ರೂ ಮೊದಲು ಕೇಳೋದು "ಮೀನ್ ಸಿಗುತ್ತಾ?" ಅಂತ. ಅದು ವೇಸ್ಟ್ ಪ್ರಶ್ನೆ, ಉತ್ತರ ಹೌದು ಅಂತ್ಲೇ ಬರೋದು. ನಾನು ಕೇಳೋದು "ಕೊನೇ ಸಲ ಖಾಲಿ ಕೈಲಿ ವಾಪಸ್ ಬಂದಿದ್ದು ಯಾವಾಗ, ಯಾಕೆ?" ಅಂತ. ಇದಕ್ಕೆ ತಡವರಿಸೋನು ಬೇಡ. "ನಮ್ ಹತ್ರ ಹಂಗೆಲ್ಲ ಆಗೋದೇ ಇಲ್ಲ ಸರ್" ಅನ್ನೋನು ಖಂಡಿತ ಬೇಡ. ಚಾಮರಾಜನಗರ ಕಡೆಯ ಒಬ್ಬರಿಗೆ ಇದೇ ಪ್ರಶ್ನೆ ಕೇಳಿದ್ದಕ್ಕೆ ಅವರು ನಗಾಡ್ಕೊಂಡು, "ಮೊನ್ನೆ ಬುದ್ವಾರ ಸಾ. ಮೇಲೆ ಮಳೆ ಆಗಿ ನೀರು ಕೆಂಪಾಗೋಗಿತ್ತು, ಬೆಳಿಗ್ಗಿಂದ ಸಂಜೆಗಂಟ ಒಂದೂ ಮುಟ್ನಿಲ್ಲ. ನೀವೂ ಈ ವಾರ ಬರ್ಬೇಡಿ, ಸುಮ್ನೆ ದುಡ್ಡು ಕಳ್ಕತೀರ" ಅಂದ್ರು. ನಾನು ಹೋಗ್ಲಿಲ್ಲ. ಎರಡು ವಾರ ಬಿಟ್ಟು ಹೋದೆ, ಆಮೇಲೆ ಅವರನ್ನ ಬಿಟ್ಟಿಲ್ಲ. ನಾನು ಹೇಳಿದ ಇಬ್ಬರಲ್ಲಿ ಒಬ್ರು ಇವರೇ, ಅರವತ್ತರ ಹತ್ರ ವಯಸ್ಸು, ನಾವೆಲ್ಲ ಅಣ್ಣ ಅಂತ್ಲೇ ಕರೆಯೋದು.

ಎರಡನೇದು, ಗಾಳಕ್ಕೆ ಏನು ಕಟ್ತೀರ ಅಂತ ಕೇಳಿ. ಕಾವೇರಿ ಮೇಲೆ ಬೆಳೆದವರಾದ್ರೆ ರಾಗಿ ವಿಷಯ ಶುರು ಮಾಡ್ತಾರೆ, ಅದನ್ನ ನಿಲ್ಸೋಕೇ ಆಗಲ್ಲ. ರಾಗಿ ಹಿಟ್ಟನ್ನ ಎಷ್ಟು ಗಟ್ಟಿ ಕಲಸ್ಬೇಕು, ಉಂಡೆ ಎಷ್ಟು ಹೊತ್ತು ಬೇಯಿಸ್ಬೇಕು, ಸೆಳವಲ್ಲಿ ಕರಗ್ದೇ ಇರೋಕೆ ಏನು ಮಾಡ್ಬೇಕು, ನಿಂಬೆ ಗಾತ್ರನಾ ಕಿತ್ತಳೆ ಗಾತ್ರನಾ, ಪ್ರತಿಯೊಬ್ರಿಗೂ ಅವರದ್ದೇ ಒಂದು ಪದ್ಧತಿ. ಒಬ್ರಂತೂ ಮನೇಲಿ ಹೆಂಡತಿ ಮುದ್ದೆ ತಿರುವೋದಕ್ಕಿಂತ ತಾನು ಮೀನಿಗೆ ತಿರುವೋದೇ ಚೆನ್ನಾಗಿರುತ್ತೆ ಅಂತ ಹೇಳಿ ಮನೇಲಿ ಬೈಸ್ಕೊಂಡಿದ್ರು. ಬಾಯಿಪಾಠ ಮಾಡ್ಕೊಂಡು ಬಂದವನು ಇಷ್ಟು ಹೇಳೋಕಾಗಲ್ಲ.

ಮೂರನೇದು ಬಿಳಿಮೀನಿಗೆ ಮಾತ್ರ: "ಕೆಂಪು ರೆಕ್ಕೆದಾ, ನೀಲಿ ರೆಕ್ಕೆದಾ?" ಕಾವೇರಿ ಸೀಮೆಯ ಮೂಲದ ಮಹಶೀರ್ ಬೆನ್ನು ಗೂನು ಇರೋದು, ರೆಕ್ಕೆ ಬಾಲ ಕಿತ್ತಳೆ ಕೆಂಪು. ಮೈಸೂರಿನ ವ್ಯಾನ್ ಇಂಗೆನ್ ಅನ್ನೋರು 1946ರಲ್ಲಿ ಕಬಿನಿಲಿ ಹಿಡಿದ 120 ಪೌಂಡಿನ, ಅಂದ್ರೆ ಸುಮಾರು 54 ಕೇಜಿ ಮೀನಿನ ಕಥೆ ಕೇಳಿರ್ತೀರ, ಆ ಗಾತ್ರಕ್ಕೆ ಬೆಳೀತಿದ್ದ ಮೀನು ಇದು. ಇದಕ್ಕೆ ಟಾರ್ ರೆಮಾದೇವಿ ಅಂತ ಸರಿಯಾದ ವೈಜ್ಞಾನಿಕ ಹೆಸರು ಗಟ್ಟಿಯಾಗಿದ್ದೇ 2018ರಲ್ಲಿ, ಆ ವರ್ಷವೇ ಇದು ಅಳಿವಿನ ಅಂಚಲ್ಲಿರೋ ಮೀನುಗಳ ಕೆಂಪು ಪಟ್ಟಿಗೂ ಸೇರ್ತು. ನೀಲಿ ರೆಕ್ಕೆದು ಬೇರೆ ಜಾತಿ, ಲೋನಾವಳದ ಹ್ಯಾಚರಿಲಿ ಮರಿ ಮಾಡಿ ತಂದು ಬಿಟ್ಟಿದ್ದು, ಅದೇ ಹೊಳೆ ತುಂಬ ಹರಡ್ಕೊಂಡಿದೆ. ಎರಡನ್ನೂ ಗುರುತು ಹಿಡಿಯೋ ಗೈಡ್, ಗೂನುಬೆನ್ನಿಂದು ಬಿದ್ರೆ ನೀರಿಂದ ಎತ್ತೋಕೇ ಬಿಡಲ್ಲ. ಗುರುತೇ ಗೊತ್ತಿಲ್ಲದವನು ಬಾಲ ಹಿಡಿದು ಎತ್ತಿ ನಿಮ್ಮ ತೊಡೆ ಮೇಲೆ ಮಲಗಿಸ್ತಾನೆ, ಫೋಟೋಗೆ.

ಫೋಟೋ ನೋಡೋ ರೀತಿ

ಫೋಟೋದಲ್ಲಿ ಮೀನು ನೋಡ್ಬೇಡಿ, ಸುತ್ತಮುತ್ತ ನೋಡಿ. ಮೀನು ಒಣ ಮಣ್ಣಲ್ಲಿ ಬಿದ್ದಿದ್ಯಾ? ಕಿವಿರಿಗೆ ಬೆರಳು ತೂರ್ಸಿ ಉದ್ದಕ್ಕೆ ನೇತಾಕಿದಾರಾ? ಹಂಗಿದ್ರೆ "ಹಿಡಿದು ಬಿಡ್ತೀವಿ" ಅನ್ನೋದು ಬರೀ ಮಾತು, ಬಿಟ್ಟ ಮೇಲೆ ಬಹಳ ಸಲ ಸಾಯುತ್ತೆ. ಹತ್ತು ಫೋಟೋದಲ್ಲಿ ಅದೇ ಬಂಡೆ ಅದೇ ಮೋಡ ಇದ್ರೆ ಒಂದೇ ದಿನದ ಬೇಟೆನ ವರ್ಷಪೂರ್ತಿ ತೋರಿಸ್ತಿದಾನೆ ಅಂತ ಲೆಕ್ಕ. ಗಿರಾಕಿಗಳು ಲೈಫ್ ಜಾಕೆಟ್ ಹಾಕಿದಾರಾ ಅಂತನೂ ಅಲ್ಲೇ ಕಾಣ್ಸುತ್ತೆ.

ಕೊರವ ಹಿಡಿಸೋರ ಫೋಟೋದಲ್ಲಿ ಇನ್ನೊಂದು ಗಮನಿಸಿ. ಕೊರವ ಮರಿಗಳು ಕೆಂಪಗೆ ಒಂದು ಗುಂಪಾಗಿ ನೀರ ಮೇಲೆ ಕುದೀತಾ ಇರ್ತವೆ, ಅಪ್ಪ ಅಮ್ಮ ಕೆಳಗೆ ಕಾಯ್ತಿರ್ತವೆ. ಆ ಗುಂಪಿಗೆ ಗಾಳ ಬಿಟ್ರೆ ದೊಡ್ಡದು ಸಿಟ್ಟಲ್ಲಿ ಬಂದು ಹೊಡೆಯುತ್ತೆ, ಸುಲಭದ ಬೇಟೆ. ದೊಡ್ಡದನ್ನ ಎತ್ಕೊಂಡು ಹೋದ್ರೆ ಮರಿಗಳನ್ನ ಬೇರೆ ಮೀನು ಬೇಗನೇ ಮುಗಿಸ್ತವೆ. ಹಂಗೆ ಹಿಡಿದ ವಿಡಿಯೋ ಹಾಕಿ ಮೀಸೆ ತಿರುವೋ ಗೈಡ್‌ಗಳಿದಾರೆ.

ದುಡ್ಡಿನ ವಿಷಯ ನಾಚ್ಕೋಬೇಡಿ

ಎಲ್ಲಾನೂ ವಾಟ್ಸಾಪಲ್ಲಿ ಟೈಪ್ ಮಾಡಿ ಕಳ್ಸಿ, ಅವನು ಓಕೆ ಅನ್ಲಿ. ಎಷ್ಟು ಗಂಟೆಯಿಂದ ಎಷ್ಟು ಗಂಟೆ, ತೆಪ್ಪದ ಬಾಡಿಗೆ ಸೇರಿ ಎಷ್ಟು, ಊಟ ಯಾರದ್ದು, ಗುತ್ತಿಗೆದಾರರ ಪಾಲು ಎಷ್ಟು, ಗಾಳ ಹಾಕದೇ ಸುಮ್ನೆ ಕೂರೋ ಫ್ರೆಂಡಿಗೂ ಚಾರ್ಜ್ ಇದ್ಯಾ. ಅವನ ರಾಡ್ ನಿಮ್ಮ ಕೈಲಿ ಮುರಿದ್ರೆ ಏನು ಅನ್ನೋದನ್ನ ಜನ ಮರೀತಾರೆ, ನಾನು ಮರ್ತು ಒಂದು ರಾಡಿಗೆ ದುಡ್ಡು ಕಟ್ಟಿದೀನಿ. ಮಳೆ ಬಂದು ಕ್ಯಾನ್ಸಲ್ ಆದ್ರೆ ಅಡ್ವಾನ್ಸ್ ವಾಪಸ್ಸಾ ಅಥವಾ ಬೇರೆ ದಿನಾನಾ ಅಂತನೂ ಕೇಳಿ. ಪೂರ್ತಿ ದುಡ್ಡು ಮುಂಗಡ ಕೇಳೋರಿಗೆ ಕೊಡ್ಬೇಡಿ. ಹಂಗಂತ ಅಣ್ಣನಂಥವರ ಹತ್ರ ಚೌಕಾಶಿನೂ ಮಾಡ್ಬೇಡಿ, ರಾತ್ರಿ ಎರಡಕ್ಕೆದ್ದು ನಿಮಗೋಸ್ಕರ ರಾಗಿ ಬೇಯಿಸ್ತಾರೆ ಪಾಪ.

ಮೊದಲ್ನೇ ಸಲ ಅರ್ಧ ದಿನಕ್ಕೆ ಮಾತ್ರ ಬುಕ್ ಮಾಡಿ, ಸಾಧ್ಯ ಆದ್ರೆ ಕೆರೇಲಿ. ಎರಡು ರಾತ್ರಿ ಮೂರು ಹಗಲು ಅಂತ ಗೊತ್ತಿಲ್ಲದವನ ಜೊತೆ ಕಾಡಂಚಿಗೆ ಹೋಗೋ ಪ್ಲಾನ್ ಆಮೇಲೆ.

ಜೀವದ ವಿಷಯ

ಕಾವೇರಿ ನೋಡೋಕೆ ಶಾಂತ. ಮೇಲೆ ಅಣೆಕಟ್ಟಿಂದ ನೀರು ಬಿಟ್ರೆ, 1902ರಿಂದ ಕರೆಂಟ್ ತೆಗೀತಿರೋ ಶಿವನಸಮುದ್ರದ ಕಡೆಯಿಂದ ಹರಿವು ಹೆಚ್ಚಾದ್ರೆ, ನೀವು ಕೂತ ಬಂಡೆ ನೋಡ್ತಾ ನೋಡ್ತಾ ನಡುಗಡ್ಡೆ ಆಗುತ್ತೆ. ಇಲ್ಲಿ ಬಿಸಿಲಿರುತ್ತೆ, ಮಳೆ ಕೊಡಗಲ್ಲಿ ಆಗಿರುತ್ತೆ. ಗೈಡ್ ಹಿಂದಿನ ದಿನ ನೀರಿನ ಮಟ್ಟ ವಿಚಾರಿಸ್ತಾನಾ, ದಡದಲ್ಲಿ ಒಂದು ಕಡ್ಡಿ ನೆಟ್ಟು ಗುರುತು ಇಟ್ಕೋತಾನಾ? ಅಣ್ಣ ಹೋದ ತಕ್ಷಣ ಮಾಡೋ ಮೊದಲ ಕೆಲಸವೇ ಅದು, ಒಂದು ಕಡ್ಡಿ ಚುಚ್ಚಿ ಅರ್ಧ ಗಂಟೆಗೊಂದು ಸಲ ನೋಡ್ತಿರ್ತಾರೆ. ಒಂದು ಸಲ ಬೆರಳಷ್ಟು ಏರಿದ್ದಕ್ಕೇ "ಎತ್ಕಳಿ ಎತ್ಕಳಿ" ಅಂತ ಎಲ್ರನ್ನೂ ಮೇಲೆ ಹತ್ತಿಸಿದ್ರು, ನಮ್ಗೆ ಸಿಟ್ಟು ಬಂದಿತ್ತು, ಮೀನು ಆಗಷ್ಟೇ ಮುಟ್ಟೋಕೆ ಶುರು ಮಾಡಿತ್ತು. ಮುಕ್ಕಾಲು ಗಂಟೆಲಿ ನಾವು ಕೂತಿದ್ದ ಬಂಡೆ ಕಾಣಿಸ್ಲಿಲ್ಲ.

ತೆಪ್ಪ ಹತ್ತೋದಾದ್ರೆ ಲೈಫ್ ಜಾಕೆಟ್ ತಲೆಗೊಂದು ಇರ್ಬೇಕು, ಸೀಟಿನ ಥರ ಅಡಿಗೆ ಹಾಕ್ಕೊಂಡು ಕೂರೋಕಲ್ಲ. ಕಾವೇರಿಲೂ ಮೊಸಳೆ ಇದೆ, ದಾಂಡೇಲಿ ಕಡೆ ಕಾಳಿ ನದಿಲೂ ಇದೆ, ಮೊಣಕಾಲುದ್ದ ನೀರಲ್ಲಿ ನಿಂತು ಎಸೆಯೋ ಆಸೆ ಇದ್ರೆ ಗೈಡನ್ನ ಕೇಳದೇ ಇಳೀಬೇಡಿ. ಕಬಿನಿ ಹಿನ್ನೀರು ಆಸುಪಾಸಲ್ಲಾದ್ರೆ ಆನೆ. ಬೆಳಿಗ್ಗೆ ಕತ್ತಲಲ್ಲಿ ದಡಕ್ಕೆ ನಡ್ಕೊಂಡು ಹೋಗೋಣ ಅನ್ನೋ ಗೈಡಿಗಿಂತ "ಬೆಳಕಾಗ್ಲಿ ತಡ್ಕಳಿ" ಅನ್ನೋನು ವಾಸಿ. ಕೈಗೆ ಗಾಳ ಚುಚ್ಕೊಂಡ್ರೆ ಏನ್ಮಾಡ್ತೀರ, ಹತ್ತಿರದ ಆಸ್ಪತ್ರೆ ಯಾವುದು, ಅಲ್ಲಿ ನೆಟ್‌ವರ್ಕ್ ಸಿಗುತ್ತಾ ಅಂತ ಮುಂಚೆನೇ ಕೇಳಿ. ಗೈಡ್ ಕುಡಿದು ಬಂದಿದ್ರೆ ಅಡ್ವಾನ್ಸ್ ಹೋದ್ರೆ ಹೋಗ್ಲಿ ಅಂತ ಗಾಡಿ ತಿರುಗಿಸಿ.

ದಡಕ್ಕೆ ಹೋದ ಮೇಲೆ ಮೊದಲ ಅರ್ಧ ಗಂಟೆ

ಒಳ್ಳೆಯವನು ಬಂದ ತಕ್ಷಣ ರಾಡ್ ಬಿಚ್ಚಲ್ಲ. ಬೀಡಿನೋ ಎಲೆ ಅಡಿಕೆನೋ ಹಾಕ್ಕೊಂಡು ಹತ್ತು ನಿಮಿಷ ನೀರು ನೋಡ್ತಾನೆ, ಗಾಳಿ ಯಾವ ಕಡೆ, ಮಡು ಎಲ್ಲಿ ಮುಗಿದು ಸೆಳವು ಎಲ್ಲಿ ಶುರುವಾಗುತ್ತೆ, ಗುಳ್ಳೆ ಎಲ್ಲಿ ಏಳ್ತಿದೆ. ಆಮೇಲೆ ನಿಮ್ಮ ಗಂಟು ಎಳೆದು ನೋಡ್ತಾನೆ. ಬಿಳಿಮೀನಿನ ಗಂಟಲೊಳಗೆ ಹಲ್ಲಿದೆ, ಏಡಿ ಚಿಪ್ಪು ಪುಡಿ ಮಾಡೋ ಮೀನು ಅದು, ತೆಳ್ಳಗಿನ ಗಾಳನ ಜಜ್ಜಿ ನೆಟ್ಟಗೆ ಮಾಡಿ ಉಗಿಯುತ್ತೆ, ಹಂಗಾಗಿ ನೀವು ಆನ್‌ಲೈನಲ್ಲಿ ತರಿಸಿದ ಲೂರ್ (ನಕಲಿ ಮೀನು) ನೋಡಿ ಅವನು ಮೂಗು ಮುರಿದ್ರೆ ಬೇಜಾರಾಗ್ಬೇಡಿ, ಅದರ ಗಾಳ ಬದಲಾಯಿಸಿ ಕೊಡ್ತಾನಾ ನೋಡಿ. ಇಡೀ ದಿನ ತಾನೇ ಗಾಳ ಹಾಕ್ಕೊಂಡು, ಮೀನು ಬಿದ್ಮೇಲೆ ರಾಡ್ ನಿಮ್ಮ ಕೈಗೆ ಕೊಟ್ಟು ಫೋಟೋ ತೆಗೆಯೋನೂ ಇದಾನೆ. ಕೆಲವ್ರಿಗೆ ಅದೇ ಇಷ್ಟ, ನಂಗಲ್ಲ.

ಮೀನು ಬಂದಾಗ ಗೊತ್ತಾಗುತ್ತೆ ನೋಡಿ ಮನುಷ್ಯ ಎಂಥವನು ಅಂತ. ಕೈ ಒದ್ದೆ ಮಾಡ್ಕೊಂಡು, ನೀರೊಳಗೇ ಇಟ್ಟು, ಇಕ್ಕಳದಲ್ಲಿ ಗಾಳ ಬಿಡಿಸಿ, ಒಂದು ಫೋಟೋ, ಆಮೇಲೆ ಸೆಳವಿಗೆ ಎದುರಾಗಿ ತಲೆ ಇಟ್ಟು ಹಿಡ್ಕೊಂಡು ಅದು ತಾನಾಗೇ ಬಾಲ ಒದೆದು ಹೋಗೋ ತನಕ ಕಾಯ್ತಾನೆ. ಬಿಸಾಕೋನು ಗೈಡ್ ಅಲ್ಲ. ಆದ್ರೆ ಕೆರೇಲಿ ಆಫ್ರಿಕನ್ ಕ್ಯಾಟ್‌ಫಿಶ್ ಬಿದ್ರೆ ಅದನ್ನ ವಾಪಸ್ ಬಿಡೋ ಪ್ರಶ್ನೆನೇ ಇಲ್ಲ, ನಮ್ಮ ನೀರಿನ ಮೀನೆಲ್ಲ ತಿಂದು ಹಾಕೋ ಪ್ರಾಣಿ. ಅಣ್ಣ ಅದನ್ನ ಮಾತ್ರ ದಡಕ್ಕೆ ಎಳೆದು ಆ ಕಡೆ ತಿರುಗಿಯೂ ನೋಡಲ್ಲ.

ವಾಪಸ್ ಬಂದ ಮೇಲೆ

ಟಿಪ್ಸ್ ಕೈಯಲ್ಲೇ ಕೊಡಿ, ತೆಪ್ಪದ ಹುಡುಗನಿಗೆ ಬೇರೆ ಕೊಡಿ. ಫೋಟೋ ಹಾಕೋದಾದ್ರೆ ಹಾಕಿ, ಲೊಕೇಶನ್ ಹಾಕ್ಬೇಡಿ. ನಮ್ಮಲ್ಲೊಬ್ಬ ಒಂದು ಸಣ್ಣ ಕೆರೆಯ ಲೊಕೇಶನ್ ಹಾಕಿದ್ದ, ಮುಂದಿನ ಭಾನುವಾರ ಅಲ್ಲಿ ಹನ್ನೊಂದು ಕಾರು ನಿಂತಿತ್ತಂತೆ, ಗುತ್ತಿಗೆದಾರರು ನಮ್ಮ ಗೈಡಿಗೆ ಇನ್ನು ಯಾರನ್ನೂ ಕರ್ಕೊಂಡು ಬರ್ಬೇಡ ಅಂದ್ರಂತೆ. ಒಂದು ಒಳ್ಳೆ ಕೆರೆ ಹೋಯ್ತು.

ನಾನು ಹೇಳಿದ ಎರಡನೇ ಗೈಡ್ ಇವನೇ, ಇಪ್ಪತ್ತಾರು ವರ್ಷದ ಹುಡುಗ. ಮೊದಲ್ನೇ ಫೋನಲ್ಲೇ "ಗುತ್ತಿಗೆಯವರು ಒಪ್ಪೋ ತನಕ ಬರ್ಬೇಡಿ ಸರ್" ಅಂದವನು. ಈಗ ಬೇರೆ ಕೆರೆಗೆ ಮಾತಾಡ್ತಿದಾನೆ, ಅಲ್ಲಿವರೆಗೆ ಫೋನ್ ಮಾಡಿದ್ರೆ ಅದೇ ಉತ್ತರ, "ಇನ್ನೂ ಇಲ್ಲ ಸರ್".